ಪುಟ್ಟತಾಯಮ್ಮನ ಸಂಜೆ

ಭೂಮಿ ತಿರುಗುವುದು ತೀರಾ ನಿಧಾನವಾದ ಮೇಲೆ ಜನ ವ್ಯಾನುಗಳಲ್ಲೇ ಸಂಸಾರ ಹೂಡಿ, ಕತ್ತಲಿಗೆ ಸಿಗದಂತೆ ಸೂರ್ಯನ ಹಿಂದೆ ಹೊರಟಿದ್ದರು. ಹೊತ್ತು ಮುಳುಗುವ ಮಾತೇ ಇರಲಿಲ್ಲ. ಪುಟ್ಟತಾಯಮ್ಮ ದೀಪ ಹಾಕಿ ಕೈಮುಗಿದರೆ ಅದೇ ಸಂಜೆ ಎಂದು ನಲವತ್ತು ವ್ಯಾನಿನವರೂ ಒಪ್ಪಿಕೊಂಡಿದ್ದರು. ಗಾಡಿ ನಿಲ್ಲುವುದು, ಊಟ, ನಿದ್ದೆ ಎಲ್ಲ ಆಮೇಲೆ.

ಅವತ್ತು ಪುಟ್ಟತಾಯಮ್ಮನ ವ್ಯಾನಿನ ದೀಪ ಕೆಟ್ಟಿತ್ತು. ಹಿಂದಿನ ವ್ಯಾನುಗಳ ಚಾಲಕರು ತೂಕಡಿಸುತ್ತ ಹಾರ್ನ್ ಒತ್ತುತ್ತಿದ್ದರು. ಒಬ್ಬನಂತೂ ಆಗಲೇ ಹಳ್ಳಕ್ಕಿಳಿದು ಮೇಲೆದ್ದಿದ್ದ. ಅಳಿಯ ಶಿವನಂಜು ಹಳೇ ಮನೆಯ ಎಲ್‌ಇಡಿ ಬಲ್ಬನ್ನು ಬ್ಯಾಟರಿಗೆ ನೇರವಾಗಿ ಸಿಕ್ಕಿಸಿದ.

"ಹತ್ಕೊಂಡಿದೆ ಅತ್ತೆ, ಕೈಮುಗೀರಿ. ಬಿಸಿಲಿಗೆ ಕಾಣ್ತಿಲ್ಲ ಅಷ್ಟೆ."

ಪುಟ್ಟತಾಯಮ್ಮ ಬಲ್ಬಿನ ಮೇಲೆ ಸೆರಗು ಹೊದಿಸಿ ಇಣುಕಿದರು. "ಎಲ್ಲಿ ಅಳಿಯಂದ್ರೇ? ಒಳಗೆ ನನ್ನ ಕೈಯೇ ನನಗೆ ಕಾಣ್ತಿಲ್ಲ."

"ಇದು ಇನ್ನೂರ ಮೂವತ್ತು ವೋಲ್ಟಿಂದು, ಬ್ಯಾಟರಿ ಬರೀ ಹನ್ನೆರಡು. ಯಾರು ನೋಡ್ತಾರೆ, ಸುಮ್ನೆ ಸಂಜೆ ಆಯ್ತು ಅಂದ್ಬಿಡಿ."

"ಸುಳ್ಳು ಸಂಜೇಲಿ ನಿದ್ದೆ ಬರುತ್ತಾ? ನಾನಂತೂ ಮುಗಿಯಲ್ಲ."

ಶಿವನಂಜು ಗೊಣಗುತ್ತ ಮೂರು ಅಕ್ಕಿಮೂಟೆ ಇಳಿಸಿ, ಅಡಿಯಲ್ಲಿದ್ದ ಇನ್ವರ್ಟರನ್ನು ಎಳೆದು ನಡುವೆ ಜೋಡಿಸಿದ. ಬಲ್ಬು ಹೊತ್ತಿತು. ಪುಟ್ಟತಾಯಮ್ಮ ಕೈಮುಗಿದರು. ಸಾಲಿನುದ್ದಕ್ಕೂ ಇಂಜಿನ್‌ಗಳು ಒಂದೊಂದಾಗಿ ಸುಮ್ಮನಾದವು. ನೆತ್ತಿ ಸುಡುವ ಬಿಸಿಲಲ್ಲಿ ಮೊದಲು ಆಕಳಿಸಿದವನು ಶಿವನಂಜುವೇ.