ಚುಕ್ಕೆ ಬಿದ್ದ ಓಣಿ

ಟೈಲರಕ್ಕ ಸಭೆಯ ಮೇಜಿನ ಮೇಲಿದ್ದ ಥರ್ಮೋಕೋಲಿನ ಮಾದರಿ ಊರಿನಲ್ಲಿ ತನ್ನ ಮನೆಯನ್ನು ಹುಡುಕುತ್ತ ಬೆರಳಾಡಿಸಿದಳು. ಹೊಸ ರೈಲು ನಿಲ್ದಾಣ ಸಿಕ್ಕಿತು, ಅದರ ಸುತ್ತಲಿನ ಫ್ಲ್ಯಾಟುಗಳು ಸಿಕ್ಕವು. ಅವಳ ಓಣಿಯಿದ್ದಲ್ಲಿ ಮಾತ್ರ ಪುಟ್ಟ ಪುಟ್ಟ ಮರಗಳ ನಡುವೆ ಅಗಲವಾದೊಂದು ಕಾಲುದಾರಿ ಮಲಗಿತ್ತು.

"ಸಾರ್, ನಮ್ಮ ಮನೆಗಳೆಲ್ಲಿ?"

"ನೀವೇ ತೋರಿಸಿದ ದಾರಿ ಅಲ್ವೇನಮ್ಮಾ ಇದು?" ಯೋಜನಾಧಿಕಾರಿ ನಕ್ಕ. "ದಿನಾ ಓಡಾಡೋ ಕಡೆ ನಕ್ಷೆ ಮೇಲೆ ಚುಕ್ಕೆ ಅಂಟಿಸಿ ಅಂದಿದ್ವಿ. ಎಲ್ಲಕ್ಕಿಂತ ಹೆಚ್ಚು ಬಿದ್ದಿದ್ದು ನಿಮ್ಮ ಓಣೀಲೇ. ಜನ ನಡೆಯೋ ಕಡೆ ದಾರಿ ಮಾಡಿದೀವಿ."

"ಮತ್ತೆ ನಡೆಯೋ ಜನ?"

"ಊರಾಚೆ ಮನೆ ಕೊಡ್ತೀವಲ್ಲ."

"ಅಲ್ಲಿಗೆ ರೈಲು ಬರುತ್ತಾ?"

ಸಾಹೇಬ ನೀರು ಕುಡಿದ.

ಓಣಿಯವರು ಆ ಚುಕ್ಕೆಗಳನ್ನು ಅಂಟಿಸುವಂತೆ ಮಾಡಿದವಳು ಟೈಲರಕ್ಕನೇ. "ಚುಕ್ಕೆ ಹೆಚ್ಚಾದಷ್ಟೂ ನಾವಿಲ್ಲಿ ಇದ್ದೀವಿ ಅಂತ ಅವರ ಕಣ್ಣಿಗೆ ಬೀಳುತ್ತೆ ಕಣ್ರೇ" ಎಂದು ಮನೆಮನೆಗೂ ಅಲೆದಿದ್ದಳು. ಹಾಸಿಗೆ ಹಿಡಿದಿದ್ದ ಅತ್ತೆಯ ಕೈಯಿಂದಲೂ ಒಂದು ಅಂಟಿಸಿದ್ದಳು.

ಈಗ ಎಲ್ಲರೂ ಸೇರಿ ಕೂಗಲಿ ಎಂದು ಅವಳು ಓಣಿಯವರತ್ತ ತಿರುಗಿದಳು. ಯಾರೂ ಸಾಹೇಬನನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅವಳ ಮೇಲೆಯೇ ಇತ್ತು. ಅವಳು ಬಿಟ್ಟೆದ್ದ ಕುರ್ಚಿಯ ಪಕ್ಕದಲ್ಲಿ ಕೂತಿದ್ದ ನಾದಿನಿ, ತನ್ನ ಕುರ್ಚಿಯನ್ನು ಸದ್ದಾಗದಂತೆ ಆಚೆಗೆ ಸರಿಸಿಕೊಂಡಳು.