ಎಡ ಬೆನ್ನಿನ ಸಪ್ಪಳ

...ಅಥವಾ ಅದು ನಾಗರಪಂಚಮಿಯ ಮುನ್ನಾದಿನ ಆಗಿರಲಿಕ್ಕೂ ಇಲ್ಲ. ಹಬ್ಬಕ್ಕೆಂದು ಜೋಳ ಸಿಡಿಸಿ ಅಳ್ಳು ಹುರಿಯುವ ವಾಸನೆ ಬಂದಾಗಲೆಲ್ಲ ನನ್ನ ನೆನಪು ಹಾಗೆಂದು ಹಟ ಹಿಡಿಯುತ್ತದೆ. ನಾನು ಅದನ್ನು ಪೂರ್ತಿ ನಂಬುವುದಿಲ್ಲ.

ಚಿಕ್ಕಂದಿನಲ್ಲಿ ನ್ಯುಮೋನಿಯಾ ಆಗಿದ್ದ ನನ್ನನ್ನು ಬೈಲಹೊಂಗಲದ ದವಾಖಾನೆಯಿಂದ ದೊಡವಾಡದ ಮನೆಗೆ ಕರೆತಂದು ನಾಲ್ಕು ದಿನವಾಗಿತ್ತು. ಜ್ವರ ಬಿಟ್ಟಿದ್ದರೂ ಕೆಮ್ಮು, ಕಫ ಹೆಚ್ಚಾಗಿದ್ದವು. ಜಡ್ಡು ತಿರುಗಿ ಬಂತೆಂದು ಅಜ್ಜಿ ಎರಡು ಕಂಬಳಿ ಹೊದಿಸಿ, ನನ್ನನ್ನು ಏಳಗೊಡದೆ ಕಾವಲು ಕುಳಿತಿದ್ದಳು. ಉಣ್ಣೆ ಗದ್ದಕ್ಕೆ ಚುಚ್ಚುತ್ತಿತ್ತು.

ಮಧ್ಯಾಹ್ನ ಅದೇ ದವಾಖಾನೆಯಿಂದ ಮನೆಮನೆಗೆ ತಿರುಗುವ ನರ್ಸಬಾಯಿ ಬಂದರು. ನನ್ನ ಎಡ ಬೆನ್ನಿಗೆ ಸ್ಟೆಥಾಸ್ಕೋಪ್ ಇಟ್ಟು ಆಲಿಸಿ, ಅದನ್ನು ಅಜ್ಜಿಯ ಕಿವಿಗೂ ಸಿಕ್ಕಿಸಿದರು.

"ಅಯ್ಯ, ಒಳಗ ಅಳ್ಳ ಸಿಡ್ಯಾಕ ಹತ್ಯಾವಲ್ಲ! ನಾ ಹೇಳಿದ್ನಿಲ್ಲೋ, ಜಡ್ಡ ತಿರುಗೇತಿ!" ಅಜ್ಜಿ ಗಾಬರಿಯಾದಳು.

"ಸಿಡೀಲಿ ಬಿಡ್ರಿ ಅಮ್ಮಾರ. ಹೋದ ವಾರ ದವಾಖಾನ್ಯಾಗ ಕೇಳಿದಾಗ ಈ ಬಾಜು ಸಪ್ಪಳನ ಇರಲಿಲ್ಲ. ಈಗ ಗಾಳಿ ಹೊಕ್ಕು ಪುಪ್ಪುಸ ಬಿಚ್ಚಾಕ ಹತ್ತೇತಿ. ಎಬ್ಬಿಸಿ ಅಡ್ಡಾಡಸ್ರಿ. ಬರೇ ಮಲಗಿಸಿದ್ರ ಕಫ ಅಲ್ಲೇ ಕುಂದರತೈತಿ."

"ನಾ ಆರು ಹಡದೇನಿ. ನೀ ಎಷ್ಟ ಹಡದಿ?"

ಎಂದೂ ಎದುರಾಡದ ಅವ್ವ ಬಂದು ಎರಡೂ ಕಂಬಳಿ ಎಳೆದು ಮೂಲೆಗೆ ಎಸೆದಳು.

"ಅತ್ತಿ, ಕೂಸು ಏಳತೈತಿ. ಬೈಯೂದಿದ್ರ ಆಮ್ಯಾಲ ಬೈರಿ."

ಎದ್ದು ನಿಂತೆ. ಅಜ್ಜಿಯ ಮುಖವನ್ನೇ ನೋಡುತ್ತ ದನ ಕಟ್ಟುವ ಗೋಡೆಯವರೆಗೆ ನಡೆದೆ. ಜೋರಾಗಿ ಕೆಮ್ಮಿ ಉಗುಳಿದೆ. ತಿರುಗಿ ಬಂದೆ, ಯಾರೂ ಹೇಳದಿದ್ದರೂ ಮತ್ತೆ ಹೊರಟೆ.

ನರ್ಸಬಾಯಿ ಮುಂದಿನ ಮನೆಗೆ ಹೋಗದೆ, ಹೊಸ್ತಿಲಲ್ಲಿ ನಿಂತು ನನ್ನ ಉಸಿರನ್ನೇ ಎಣಿಸುತ್ತಿದ್ದರು. ಬಾಯಲ್ಲಿ ಹೇಳಿದಷ್ಟು ಖಾತ್ರಿ ಅವರಿಗೆ ಅಂದು ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.