ನಕಾಶೆಯಲ್ಲಿ ಇಲ್ಲದ ದೊಣೆ

ಮಕ್ಕಳೇ, ನೀವು ಹಳೆ ಸಾಮಾನಿನ ಅಂಗಡಿಯಿಂದ ತಂದು ಪ್ಯಾರಮಟ್ಟಾ ಊರಿನ ನಮ್ಮ ಮನೆಯಲ್ಲಿ ಹರಡಿಟ್ಟಿರುವ ಈ ಆಸ್ಟ್ರೇಲಿಯಾ ಮರುಭೂಮಿಯ ನಕಾಶೆಯಲ್ಲಿ ಕುರಿ ಮೇಯಿಸುವವರ ಬಾವಿಗಳೂ ಗಣಿಗಳೂ ಇವೆ. ಅದರ ಬೆನ್ನಿಗೆ ಅಂಟಿಸಿದ ಬಟ್ಟೆಯ ವಾಸನೆ ನನಗೆ ಮೊದಲೇ ಗೊತ್ತು.

ನನಗಾಗ ಒಂಬತ್ತು ವರ್ಷ. ಬೇಸಿಗೆ ರಜೆಯಲ್ಲಿ ಅಪ್ಪನ ಜೊತೆ ಚಿತ್ರದುರ್ಗದ ಕಡೆಯ ಬೋಳುಗುಡ್ಡದಲ್ಲಿ ಕುರಿ ಕಾಯುತ್ತಿದ್ದೆ. ಗಣಿಗೆ ಜಾಗ ನೋಡಲು ಬಂದ ಸಾಹೇಬರೊಬ್ಬರು ಇಂಥದೇ ನಕಾಶೆ ಹಿಡಿದು, "ಇಲ್ಲಿ ನೀರು ಎಲ್ಲಿದೆ?" ಎಂದರು.

"ಈ ಗುಡ್ಡದಾಗೆ ನೀರೆಲ್ಲಿ ಬರಬೇಕು ಸ್ವಾಮಿ," ಎಂದರು ಅಪ್ಪ.

ಬಂಡೆಯ ಸಂದಿನಲ್ಲಿ ಬೇಸಿಗೆಯಲ್ಲೂ ಬತ್ತದ ನೀರಿನ ದೊಣೆಯೊಂದಿತ್ತು. ನಮ್ಮ ಕುರಿಗಳು ಬದುಕಿದ್ದೇ ಅದರಿಂದ. ಗಣಿಯವರು ಬಂದರೆ ಮೊದಲು ನೀರಿಗೆ ಪೈಪು ಹಾಕುತ್ತಾರೆ ಎಂದು ಅಪ್ಪ ಹೇಳುತ್ತಿದ್ದರು.

ಆದರೆ ಸಾಹೇಬರ ತುಟಿ ಒಡೆದಿತ್ತು, ಬಾಟಲಿ ಖಾಲಿಯಾಗಿತ್ತು. ಅಪ್ಪ ಅದನ್ನು ನೋಡಿ, "ಕೂತಿರಿ," ಎಂದು ತಂಬಿಗೆ ಹಿಡಿದು, ದೊಣೆಗೆ ಬೆನ್ನು ಹಾಕಿ ಊರಿನ ದಾರಿಯಲ್ಲಿ ಇಳಿದು, ಸುತ್ತು ಬಳಸಿ ಅಲ್ಲಿಗೇ ಹೋದರು.

ಸಾಹೇಬರು ನನಗೆ ನಕಾಶೆ ತೋರಿಸಿದರು. "ಇದರಲ್ಲಿ ಉತ್ತರ ಯಾವ ಕಡೆ, ಗೊತ್ತಾ?"

ಮೇಷ್ಟ್ರು ಹೇಳಿಕೊಟ್ಟಿದ್ದರು. "ಮೇಲೆ," ಎಂದೆ.

"ನಾವು ಕೂತ ಗುಡ್ಡ?"

ತೋರಿಸಿದೆ. ಅವರು "ಭೇಷ್" ಎಂದಾಗ, ಕೇಳದಿದ್ದರೂ ಬೆರಳನ್ನು ಇನ್ನಷ್ಟು ಸರಿಸಿ, "ನಮ್ಮ ದೊಣೆ ಇಲ್ಲಿದೆ," ಎಂದೆ. ಅವರು ನೀಲಿ ಪೆನ್ಸಿಲಿನಿಂದ ಚುಕ್ಕೆ ಇಟ್ಟರು.

ಅಪ್ಪ ಬಂದು ಚುಕ್ಕೆಯನ್ನೂ ಇನ್ನೂ ಅಲ್ಲೇ ಇದ್ದ ನನ್ನ ಬೆರಳನ್ನೂ ನೋಡಿದರು. ಆಮೇಲೆ ನೀರು ಹೊಯ್ದರು. ಸಾಹೇಬರು ಬೊಗಸೆಯಲ್ಲಿ ಕುಡಿದರು.

"ನಿನ್ನ ಮಗಳು ಜಾಣೆ ಕಣಯ್ಯ."

"ಹೂಂ ಸ್ವಾಮಿ, ಇಸ್ಕೂಲಿಗೆ ಹೋಗ್ತಾಳೆ," ಎಂದ ಅಪ್ಪ, ಉಳಿದ ನೀರನ್ನು ನನಗೆ ಕುಡಿಸಿದರು.